ಮೆಣಸು ಕದ್ದವನು ಕಳ್ಳ, ಹಂದಿ ಹೊಡೆದವನು?

ನಮ್ಮ ಹಾನುಬಾಳು ಕಡೆ ಈಗ ಮೆಣಸು ಕುಯ್ಲು. ಕಣದಲ್ಲಿ ಒಣಹಾಕಿದ ಮೆಣಸಿಗೆ ರಾತ್ರಿ ಕಾವಲು ಇಡಲೇಬೇಕು. ಎರಡು ಕೆಜಿ ಕದ್ದವನು ಸಿಕ್ಕಿಬಿದ್ರೂ ಸಾಕು, ಅವನ ಮನೆಯವರು ವರ್ಷಗಟ್ಟಲೆ ತಲೆ ತಗ್ಗಿಸಿ ಓಡಾಡಬೇಕು. ಅದೇ ಕಾಡುಹಂದಿ ಹೊಡೆದವನ ಮನೆ ಮುಂದೆ ಊರೇ ಪಾಲಿಗೆ ನಿಲ್ಲುತ್ತೆ.

ಕಾನೂನಿನ ತಕ್ಕಡೀಲಿ ಎರಡೂ ಹೆಚ್ಚುಕಮ್ಮಿ ಒಂದೇ ತೂಕ. ಕಳ್ಳತನಕ್ಕೆ 3 ವರ್ಷದವರೆಗೆ ಜೈಲು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅನುಮತಿ ಇಲ್ಲದೆ ಹಂದಿ ಹೊಡೆದರೂ 3 ವರ್ಷದವರೆಗೆ.

ಊರಿನ ಲೆಕ್ಕ ಬೇರೆ. ಮೆಣಸಿಗೆ ಒಡೆಯ ಇದ್ದಾನೆ, ಹಂದಿಗೆ ಇಲ್ಲ. ಮೇಲಾಗಿ ಅದು ಗದ್ದೆ ಉತ್ತು ಹೋಗೋ ಪ್ರಾಣಿ. ಶಿಕಾರಿಗೆ ಅದರದೇ ನ್ಯಾಯವೂ ಇತ್ತು: ಗುಂಡು ಹೊಡೆದವನಿಗೆ ಹೆಚ್ಚಿನ ಪಾಲು, ಕಾಡು ಸೋವಿದವರಿಗೆ ಸಮಪಾಲು, ನಾಯಿಗೂ ಒಂದು ಪಾಲು. ಪಾಲು ತಪ್ಪಿಸಿದವನೇ ಅಲ್ಲಿ ತಪ್ಪಿತಸ್ಥ.

ಕೆಲವೊಮ್ಮೆ ಕಾನೂನೇ ಪದ್ಧತಿಗೆ ಜಾಗ ಬಿಡುತ್ತೆ. ಲೈಸೆನ್ಸ್ ಇಲ್ಲದೆ ಕೋವಿ ಇಟ್ಟರೆ ನಮ್ಮಲ್ಲಿ ಅಪರಾಧ. ಪಕ್ಕದ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ. ಕೈಲ್ ಮುಹೂರ್ತದಲ್ಲಿ ಕೋವಿಗೆ ಪೂಜೆ ಮಾಡೋ ನಾಡು ಅದು. 2021ರಲ್ಲಿ ಹೈಕೋರ್ಟೂ ಈ ವಿನಾಯಿತಿಯನ್ನ ಎತ್ತಿಹಿಡಿಯಿತು. ಕೋವಿ ಇಟ್ಟುಕೊಳ್ಳೋಕೆ ಮಾತ್ರ, ಬೇಟೆಗಲ್ಲ.

ಆದರೆ ಎಲ್ಲರ ಪದ್ಧತಿಗೂ ಇಷ್ಟು ಮರ್ಯಾದೆ ಸಿಗಲಿಲ್ಲ. ನಮ್ಮ ಜಿಲ್ಲೆಯಲ್ಲೇ, ಬೇಲೂರು ತಾಲ್ಲೂಕಿನ ಅಂಗಡಿಹಳ್ಳಿಯಲ್ಲಿ ಹಕ್ಕಿಪಿಕ್ಕಿಗಳಿದ್ದಾರೆ. ಬೇಟೆಯೇ ಅವರ ಕಸುಬಾಗಿತ್ತು. ಅದು ನಿಂತ ಮೇಲೆ ಗಿಡಮೂಲಿಕೆ, ಎಣ್ಣೆ ಮಾರಿಕೊಂಡು ಆಫ್ರಿಕಾದವರೆಗೂ ಹೋದರು. ತೋಟದ ಸಾಹುಕಾರ ಹೊಡೆದರೆ ನಮ್ಮ ಬಾಯಲ್ಲಿ 'ಶಿಕಾರಿ', ಹಕ್ಕಿಪಿಕ್ಕಿ ಹೊಡೆದರೆ 'ಕಳ್ಳಬೇಟೆ'. ಕೆಲಸ ಒಂದೇ, ಹೆಸರು ಎರಡು.

ಈ ಎರಡು ಹೆಸರಿನ ನಡುವೆ ಸಿಕ್ಕಿಹಾಕಿಕೊಳ್ಳೋನು ಕೂಲಿಯವನು. ಹಂದಿಗೆ ಅಂತ ಬೈಕಿನ ಕ್ಲಚ್ ವೈರಲ್ಲಿ ಉರುಳು ಹಾಕ್ತಾನೆ. ಬೀಳೋದು ಹಂದಿಯೋ ಚಿರತೆಯೋ ಅಂತ ಉರುಳಿಗೆ ಗೊತ್ತಾಗಲ್ಲ. ಚಿರತೆ ಸತ್ತರೆ 3ರಿಂದ 7 ವರ್ಷ ಶಿಕ್ಷೆ. ಪಾಲು ತಿನ್ನೋದು ಹತ್ತು ಮನೆ, ಕೋರ್ಟಿಗೆ ಅಲೆಯೋದು ಅವನೊಬ್ಬನೇ. ಆ ಹತ್ತು ಮನೆಯವರಲ್ಲಿ ಯಾರೂ ಜಾಮೀನಿಗೆ ಬರಲ್ಲ.

ಹಂದಿ ಕಾಟ ಸುಳ್ಳಲ್ಲ. ಸೋಲಾರ್ ಬೇಲಿ ಹಾಕಿ, ಬೆಳೆ ಹಾನಿಗೆ ಅರಣ್ಯ ಇಲಾಖೆಗೆ ಅರ್ಜಿ ಕೊಡಿ. ಕಳೆ ಹೊಡೆಸೋವಾಗ ಬೇಲಿ ಸಂದೀಲಿ ಉರುಳು ಕಂಡರೆ ಬಿಚ್ಚಿಸಿ. ಹಾಕಿದ್ದು ಯಾರು ಅಂತ ಸಾಮಾನ್ಯವಾಗಿ ಎಲ್ಲರಿಗೂ ಗೊತ್ತಿರುತ್ತೆ. ಅವನಿಗೆ ಬುದ್ಧಿ ಹೇಳೋಕೆ ಮೊದಲು, ಪಾಲು ಬೇಡ ಅಂತ ಹೇಳಿ.