ಕಲ್ಲುಕುಟಿಗನಿಗೆ ಲೆಕ್ಕ ಬರುವುದಿಲ್ಲ



ಊರಿಗೆ ಫೋನ್ ಮಾಡಿದಾಗ ಮಕ್ಕಳ ಜೊತೆ ಎಷ್ಟು ಹೊತ್ತು ಮಾತಾಡ್ತೀರಿ? ನಮ್ಮ ಮನೆಯ ಸಂಭಾಷಣೆ ಹೀಗಿತ್ತು. "ಊಟ ಆಯ್ತಾ?" "ಹೂಂ." "ಓದ್ತಾ ಇದೀಯಾ?" "ಹೂಂ." "ಅಜ್ಜಿ ಮಾತು ಕೇಳ್ತೀಯಾ?" "ಹೂಂ. ಅಮ್ಮಂಗೆ ಕೊಡ್ತೀನಿ." ಒಟ್ಟು 2 ನಿಮಿಷ. ಮಗನಿಗೆ 13 ವರ್ಷ, ಮಗಳಿಗೆ 9. ಅವರು ಸಾಗರದಲ್ಲಿ, ನಾನು ಎಂಬಕಸಿಯಲ್ಲಿ. ಪ್ರೀತಿಗೆ ಕೊರತೆ ಇರಲಿಲ್ಲ, ಮಾತಾಡಲಿಕ್ಕೆ ವಿಷಯವೇ ಇರಲಿಲ್ಲ. ಈಗ ಪ್ರತಿ ಭಾನುವಾರ ಒಂದೂವರೆ ಗಂಟೆ ಮಾತಾಡ್ತೀವಿ. ಅದಕ್ಕೆ ಕಾರಣ ನಾವೇ ಮನೆಯಲ್ಲಿ ಮಾಡಿಕೊಂಡ ಒಂದು ಆಟ. ನಿಮಗೂ ಉಪಯೋಗಕ್ಕೆ ಬರಬಹುದು ಅಂತ ಅದನ್ನು ಮಾಡುವ ಬಗೆ ಬರೆಯುತ್ತಿದ್ದೇನೆ.

ಇಂಥ ಆಟದ ಸುದ್ದಿ ಮೊದಲು ಕೇಳಿದ್ದು ಆಫೀಸಿನಲ್ಲಿ. ನಮ್ಮ ವಿಭಾಗದ ಒಬ್ಬ ಕೀನ್ಯಾದ ಹುಡುಗ ಶನಿವಾರ ಗೆಳೆಯರ ಜೊತೆ ಕೂತು 'ಡಂಜನ್ಸ್ ಆಂಡ್ ಡ್ರ್ಯಾಗನ್ಸ್' ಆಡುತ್ತಾನೆ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ಹೊರತಂದ ಆಟ ಅದು. ಒಬ್ಬ ಕಥೆ ನಡೆಸುತ್ತಾನೆ. ಉಳಿದವರು ಒಂದೊಂದು ಪಾತ್ರ ಹಿಡಿದು "ನಾನೀಗ ಹೀಗೆ ಮಾಡ್ತೀನಿ" ಅಂತ ಬಾಯಲ್ಲಿ ಹೇಳುತ್ತಾರೆ. ಆಗುತ್ತೋ ಇಲ್ಲವೋ ಅನ್ನುವುದನ್ನು ದಾಳ ಹೇಳುತ್ತದೆ. ಮೊದಲಿಗೆ ಅದರಲ್ಲಿ ಮೂರೇ ಬಗೆಯ ಪಾತ್ರ ಇದ್ದವಂತೆ: ಕತ್ತಿ ಹಿಡಿದ ಯೋಧ, ಮಾಂತ್ರಿಕ, ದೇವರ ಹೆಸರಲ್ಲಿ ಗಾಯ ವಾಸಿ ಮಾಡುವ ಪುರೋಹಿತ. ಮರುವರ್ಷ ಕಳ್ಳನೂ ಸೇರಿಕೊಂಡ.

ಇದನ್ನೆಲ್ಲ ಕೇಳುತ್ತಾ ಕೇಳುತ್ತಾ ನನಗೆ ನೆನಪಾದದ್ದು ತಾಳಮದ್ದಳೆ. ನಮ್ಮ ಕಡೆ ಮಳೆಗಾಲದಲ್ಲಿ ಜಗಲಿಯ ಮೇಲೆ ಆಗುತ್ತದಲ್ಲ, ಅದೇ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಕೃಷ್ಣನಾಗಿ, ಕೌರವನಾಗಿ ಮಾತಾಡುತ್ತಾರೆ. ಕೃಷ್ಣಸಂಧಾನದಲ್ಲಿ ಸಂಧಾನ ಮುರಿದು ಬೀಳುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. ಆದರೆ ಕೌರವ ಇವತ್ತು ಯಾವ ಮಾತಿನಿಂದ ಮುರಿಯುತ್ತಾನೆ ಅನ್ನುವುದು ಆತ ಬಾಯಿ ಬಿಡುವ ತನಕ ಯಾರಿಗೂ ಗೊತ್ತಿಲ್ಲ. ಅಮೆರಿಕದವರ ಆಟಕ್ಕೂ ಇದಕ್ಕೂ ಎರಡೇ ವ್ಯತ್ಯಾಸ: ಅಲ್ಲಿ ದಾಳ ಇದೆ, ಕೊನೆ ಮೊದಲೇ ಗೊತ್ತಿರುವುದಿಲ್ಲ. ಹಾಗಾಗಿ ನಮ್ಮ ಆಟದಲ್ಲಿ ಕಥೆ ನಡೆಸುವ ನಾನು 'ಭಾಗವತ'. ಅವರು 'ಕ್ಲಾಸ್' ಅನ್ನುವುದನ್ನು ನಾವು 'ವೇಷ' ಅಂದೆವು.

ಇನ್ನು ಕಥೆ. ರಾಜ, ರಾಕ್ಷಸ ಬೇಡ, ನಾನಿರುವ ಊರಿನ ಕಥೆಯೇ ಇರಲಿ ಅಂದುಕೊಂಡೆ. ಎಂಬಕಸಿ ಮೇಲೆ ಹಾದುಹೋಗುವ ಹಳೇ ರೈಲು ಹಳಿ ನಿಮಗೆ ಗೊತ್ತಿದೆ. ಅದು ಯುಗಾಂಡಾ ರೈಲ್ವೆ. 1896ರಲ್ಲಿ ಮೊಂಬಾಸಾದಲ್ಲಿ ಕೆಲಸ ಶುರುವಾಗಿ 1899ರ ಮೇ 30ಕ್ಕೆ ಹಳಿ ನೈರೋಬಿ ಮುಟ್ಟಿತು, 1901ರಲ್ಲಿ ವಿಕ್ಟೋರಿಯಾ ಸರೋವರ. ಅದನ್ನು ಹಾಕಲಿಕ್ಕೆ ಭಾರತದಿಂದ ಕರಾರಿನ ಮೇಲೆ ಬಂದವರು ಸುಮಾರು 32,000 ಜನ, ಹೆಚ್ಚಿನವರು ಪಂಜಾಬಿನ ಕಡೆಯವರು. ಸುಮಾರು 2,500 ಜನ ಇಲ್ಲೇ ಸತ್ತರು. 1898ರಲ್ಲಿ ತ್ಸಾವೋ ನದಿಗೆ ಸೇತುವೆ ಕಟ್ಟುವಾಗ ಕೇಸರವಿಲ್ಲದ ಎರಡು ಸಿಂಹಗಳು ರಾತ್ರಿ ಡೇರೆಗೆ ನುಗ್ಗಿ ಕೂಲಿಗಳನ್ನು ಎಳೆದೊಯ್ದವು, ಜನ ಹೆದರಿ ಓಡಿದರು, ಕೆಲಸ ನಿಂತಿತು. ಆ ಡಿಸೆಂಬರಿನಲ್ಲಿ ಪ್ಯಾಟರ್ಸನ್ ಎಂಬ ಅಧಿಕಾರಿ ಎರಡನ್ನೂ ಹೊಡೆದ. ನಮಗಿಂತ ಮೊದಲು ಇಲ್ಲಿಗೆ ಕೆಲಸಕ್ಕೆ ಬಂದವರ ಕಥೆ ಇದು, ನನ್ನ ಮಕ್ಕಳಿಗೂ ಗೊತ್ತಿರಲಿ ಅನ್ನಿಸಿತು.

ಕಥೆ ಕಟ್ಟುವಾಗ ನಾನು ಇಟ್ಟುಕೊಂಡ ಸೂತ್ರ ಇಷ್ಟೇ: ಒಂದು ಬೇಕು, ಮೂರು ಅಡ್ಡಿ. ನಮ್ಮ ಆಟದ 'ಬೇಕು' ಒಂದು ಟಪ್ಪಾಲು ಚೀಲ. ಊರಿಂದ ಬಂದ ಕಾಗದಗಳು ಹಿಂದಿನ ಕ್ಯಾಂಪಿನಲ್ಲೇ ಉಳಿದಿವೆ. ನಾಲ್ಕು ಜನ ಮೂರು ರಾತ್ರಿಯೊಳಗೆ ಅವನ್ನು ತ್ಸಾವೋ ಕ್ಯಾಂಪಿಗೆ ಮುಟ್ಟಿಸಬೇಕು. ಮೊದಲ ರಾತ್ರಿ ತುಂಬಿದ ಹಳ್ಳ. ಎರಡನೇ ರಾತ್ರಿ ಮುಳ್ಳುಬೇಲಿಯ ಆಚೆ ಸಿಂಹ. ಮೂರನೇ ರಾತ್ರಿ, ಹೆದರಿದ ಕಾವಲುಗಾರ ಕ್ಯಾಂಪಿನ ಬಾಗಿಲು ತೆರೆಯುವುದಿಲ್ಲ. ಇಷ್ಟು ಬರೆದು ನಿಲ್ಲಿಸಿದೆ. ಹೇಗೆ ದಾಟುತ್ತಾರೆ ಅನ್ನುವುದನ್ನು ಭಾಗವತ ಬರೆಯಬಾರದು. ಬರೆದರೆ ಮಕ್ಕಳಿಗೆ ಮತ್ತೆ "ಹೂಂ" ಅನ್ನುವುದೊಂದೇ ಕೆಲಸ ಉಳಿಯುತ್ತದೆ.

ಆಮೇಲೆ ವೇಷಗಳು. ಇಲ್ಲಿ ನನ್ನ ಬಿ.ಕಾಂ. ಬುದ್ಧಿ ಕೆಲಸಕ್ಕೆ ಬಂತು. ಪ್ರತಿ ವೇಷಕ್ಕೂ ನಾಲ್ಕು ಗುಣ: ಬಲ, ಚುರುಕು, ಬುದ್ಧಿ, ಮಾತು. ಹಂಚಲಿಕ್ಕೆ ಒಟ್ಟು 6 ಅಂಕ, ಒಂದು ಗುಣಕ್ಕೆ 3ಕ್ಕಿಂತ ಹೆಚ್ಚಿಲ್ಲ. ಒಂದು ಕಡೆ ಜಾಸ್ತಿ ಕೊಟ್ಟರೆ ಇನ್ನೊಂದು ಕಡೆ ಕಡಿಮೆ ಮಾಡಲೇಬೇಕು. ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗಬೇಕಲ್ಲ! ನಮ್ಮ ನಾಲ್ಕು ವೇಷ ಹೀಗಿವೆ:

ಕಲ್ಲುಕುಟಿಗ: ಬಲ 3, ಚುರುಕು 1, ಬುದ್ಧಿ 1, ಮಾತು 1.
ದಾರಿ ಬಲ್ಲವಳು: ಬಲ 0, ಚುರುಕು 3, ಬುದ್ಧಿ 2, ಮಾತು 1.
ಅಡುಗೆಯವ: ಬಲ 1, ಚುರುಕು 2, ಬುದ್ಧಿ 1, ಮಾತು 2.
ಗುಮಾಸ್ತ: ಬಲ 0, ಚುರುಕು 1, ಬುದ್ಧಿ 2, ಮಾತು 3. ಓದು ಬರಹ ಬರುವುದು ಇವನೊಬ್ಬನಿಗೇ.

ಮಗ ಕಲ್ಲುಕುಟಿಗನನ್ನು ಹಿಡಿದ. ಹುಬ್ಬಳ್ಳಿಯಲ್ಲಿ ಓದುವ ನನ್ನ ತಂಗಿ ಮಗಳು ದಾರಿ ಬಲ್ಲವಳಾದಳು. ಗುಮಾಸ್ತ ಯಾರಿಗೂ ಬೇಡವಾಗಿ ಮಗಳ ಪಾಲಿಗೆ ಬಂದ. "ಅಪ್ಪಾ, ಇವ ನಿನ್ನ ಹಾಗೇ ಬರೀ ಬರೀತಾ ಕೂರೋನಾ?" ಅಂತ ಮೂತಿ ಉಬ್ಬಿಸಿದಳು. ಅಡುಗೆಯವ ಖಾಲಿ ಇದ್ದ. ನನ್ನ ಜೊತೆ ಮನೆಯಲ್ಲಿರುವವರು ವಿಜಯಪುರದ ಕಡೆಯವರು, ಕಂಟೇನರ್ ಯಾರ್ಡಿನಲ್ಲಿ ಮೆಕ್ಯಾನಿಕ್. ಎರಡು ವಾರ ಮೂಲೆಯಲ್ಲಿ ಕೂತು ಕೇಳಿಸಿಕೊಂಡರು. ಮೂರನೇ ವಾರ "ಸರ್, ನನಗೂ ಒಂದು ಪಾರ್ಟ್ ಕೊಡ್ರಲ್ಲ" ಅಂದರು.

ದಾಳದ ಬದಲು ಹುಣಸೆ ಬೀಜ. ಇಲ್ಲಿ ಉಕ್ವಾಜು ಅಂತ ಕೇಳಿದರೆ ಯಾವ ಮಾರ್ಕೆಟ್‌ನಲ್ಲಾದರೂ ಹುಣಸೆಹಣ್ಣು ಸಿಗುತ್ತದೆ. ನಾಲ್ಕು ಬೀಜ ತಗೊಂಡು ಚೌಕಾಬಾರಕ್ಕೆ ಮಾಡುವ ಹಾಗೆ ಒಂದು ಮುಖ ತಿಕ್ಕಿ ಬಿಳಿ ಮಾಡಿ. ಎಸೆದಾಗ ಎಷ್ಟು ಬಿಳಿ ಬಿತ್ತೋ ಅದಕ್ಕೆ ಆ ಕೆಲಸಕ್ಕೆ ಬೇಕಾದ ಗುಣದ ಅಂಕ ಕೂಡಿಸಿ. 4 ಅಥವಾ ಮೇಲೆ ಬಂದರೆ ಕೆಲಸ ಆಯಿತು. ಅವರ ಬೀಜ ಅವರೇ ಸಾಗರದಲ್ಲಿ ಎಸೆಯುತ್ತಾರೆ. ಸುಳ್ಳು ಹೇಳದ ಹಾಗೆ ನೋಡಿಕೊಳ್ಳುವ ಆಡಿಟರ್ ನನ್ನ ಹೆಂಡತಿ.

ಲೆಕ್ಕ ನೋಡಿ. ನಾಲ್ಕು ಬೀಜ 16 ಬಗೆಯಲ್ಲಿ ಬೀಳಬಹುದು. ಗುಣ 3 ಇದ್ದವನಿಗೆ ಒಂದು ಬಿಳಿ ಸಾಕು, 16ರಲ್ಲಿ 15 ಸಲ ಗೆಲ್ಲುತ್ತಾನೆ. 2 ಇದ್ದರೆ 11 ಸಲ, 1 ಇದ್ದರೆ 5 ಸಲ. ಸೊನ್ನೆ ಇದ್ದವನಿಗೆ ನಾಲ್ಕೂ ಬಿಳಿ ಬೀಳಬೇಕು, 16ರಲ್ಲಿ ಒಂದೇ ಸಲ. ಅದಕ್ಕೆ ಒಂದು ನಿಯಮ ಸೇರಿಸಿದೆ. ಇನ್ನೊಬ್ಬರು ಜೊತೆಗೆ ಬಂದು, ಹೇಗೆ ಸಹಾಯ ಮಾಡುತ್ತೇನೆ ಅಂತ ಬಾಯಿಬಿಟ್ಟು ಹೇಳಿದರೆ ಒಂದು ಅಂಕ ಹೆಚ್ಚು. ಸೊನ್ನೆಯವನ ಅವಕಾಶ ಒಂದರಿಂದ ಐದಕ್ಕೆ ಏರುತ್ತದೆ. ಆಟದ ಜೀವ ಈ ನಿಯಮದಲ್ಲಿದೆ. ವೇಷ ಮಾಡುವಾಗ ಅವನಿಗೆ ಏನು ಬರುವುದಿಲ್ಲ ಅನ್ನುವುದನ್ನು ಮೊದಲು ಬರೆಯಿರಿ. ಎಲ್ಲ ಬರುವವನು ಯಾರನ್ನೂ ಕರೆಯುವುದಿಲ್ಲ, ಅಲ್ಲಿಗೆ ಮಾತೂ ಮುಗಿಯಿತು. ಹಳ್ಳ ದಾಟುವಾಗ ಬಲ ಇಲ್ಲದ ಗುಮಾಸ್ತ "ಅಣ್ಣಾ, ನನ್ನ ಎತ್ಕೋ" ಅನ್ನಲೇಬೇಕಾಯಿತು. ದಿನವಿಡೀ ಟಿವಿ ರಿಮೋಟಿಗೆ ಕಿತ್ತಾಡುವ ಅಣ್ಣ ತಂಗಿ ಇವರು!

ಎರಡನೇ ರಾತ್ರಿ ಇನ್ನೊಂದು ತಮಾಷೆ ಆಯಿತು. ಅಡುಗೆಯವ ಬೇಲಿಯ ಬಳಿ ಬೆಂಕಿ ಹಾಕುತ್ತಿದ್ದಾಗ ನಮ್ಮ ಮನೆಯ ನೆತ್ತಿಯ ಮೇಲೆ ವಿಮಾನ ಹೋಯಿತು. ಇಲ್ಲಿ ಅದು ದಿನದ ಸದ್ದು, ನಮಗೆ ಕೇಳಿಸುವುದೂ ಇಲ್ಲ. ಫೋನಿನ ಆಚೆ ಮಗಳು ಕಿರುಚಿದಳು, "ಅಪ್ಪಾ, ಸಿಂಹ ಬಂತು!" ಅಂದಿನಿಂದ ವಿಮಾನ ಹೋದಾಗೆಲ್ಲ ಆಟದಲ್ಲಿ ಸಿಂಹ ಗುಡುಗಿದ ಹಾಗೆ ಅಂತ ನಿಯಮ ಮಾಡಿದ್ದೇವೆ.

ಈಗ ಮುಖ್ಯವಾದ ಸಂಗತಿಗೆ ಬರುತ್ತೇನೆ. ವೇಷದ ಚೀಟಿಯ ಕೊನೆಗೆ ಒಂದು ಸಾಲು ಖಾಲಿ ಬಿಟ್ಟಿದ್ದೆ: 'ಇವರು ಯಾರಿಗೂ ಹೇಳದ ಒಂದು ಚಿಂತೆ'. ಪಾತ್ರಕ್ಕೆ ಒಳಗೊಂದು ಬದುಕು ಇರಲಿ ಅಂತ ಅಷ್ಟೇ. ತಂಗಿ ಮಗಳು, ದಾರಿ ಬಲ್ಲವಳಿಗೆ ಹಾವು ಕಂಡರೆ ಭಯ ಅಂತ ಬರೆದಳು. ಮಗ ತನ್ನ ಚೀಟಿಯ ಫೋಟೋ ವಾಟ್ಸಾಪ್‌ನಲ್ಲಿ ಕಳಿಸಿದ. ಅದರಲ್ಲಿ ಹೀಗಿತ್ತು: "ಕಲ್ಲುಕುಟಿಗನಿಗೆ ಲೆಕ್ಕ ಬರುವುದಿಲ್ಲ. ಕೂಲಿ ಎಣಿಸಿ ಕೊಟ್ಟರೂ ಸರಿಯೋ ತಪ್ಪೋ ಗೊತ್ತಾಗುವುದಿಲ್ಲ. ಅವನ ಅಪ್ಪನಿಗೆ ಲೆಕ್ಕ ತುಂಬಾ ಚೆನ್ನಾಗಿ ಬರುತ್ತದೆ. ಅದಕ್ಕೇ ಅವರಿಗೆ ಹೇಳಿಲ್ಲ."

ನಾನು ಆಗ ಮಟಾಟುವಿನಲ್ಲಿದ್ದೆ. ಓದಿದೆ, ಮತ್ತೆ ಓದಿದೆ. ಹತ್ತು ಸಲ ಕೇಳಿದ್ದ "ಓದ್ತಾ ಇದೀಯಾ?"ಗೆ ಉತ್ತರ ಇಲ್ಲಿತ್ತು. ಫೋನ್ ಮಾಡಿ ಕೇಳಿಬಿಡೋಣ ಅನ್ನಿಸಿತು. ಮಾಡಲಿಲ್ಲ. ಅವನು ಹೇಳಿದ್ದು ಭಾಗವತನಿಗೆ, ಅಪ್ಪನಿಗಲ್ಲ. ಭಾಗವತನಾಗಿಯೇ ಉತ್ತರ ಕೊಡಬೇಕು. "ಚೀಟಿ ಚೆನ್ನಾಗಿದೆ" ಅಂತ ಮಾತ್ರ ಕಳಿಸಿದೆ.

ಮುಂದಿನ ಭಾನುವಾರ ಆಟದಲ್ಲಿ ಒಬ್ಬ ಮುದುಕ ಮೇಸ್ತ್ರಿಯನ್ನು ತಂದೆ. ಆತ ಕಲ್ಲುಕುಟಿಗನಿಗೆ ನಾಲ್ಕು ಹುಣಸೆ ಬೀಜ ತೋರಿಸಿ, "ಇವು ಎಷ್ಟು ಬಗೆಯಲ್ಲಿ ಬೀಳಬಹುದು ಅಂತ ಹೇಳಿದವನಿಗೆ ಯಾವಾಗ ಎಸೀಬೇಕು, ಯಾವಾಗ ಬೇರೆಯವರನ್ನ ಕರೀಬೇಕು ಅಂತ ಗೊತ್ತಾಗ್ತದೆ. ಅವಸರ ಇಲ್ಲ, ನಾಡಿದ್ದು ಹೇಳು" ಅಂದ. ಅಷ್ಟೇ. ಮಂಗಳವಾರ ರಾತ್ರಿ ಫೋಟೋ ಬಂತು. ನೋಟ್‌ಬುಕ್ಕಿನ ಹಾಳೆಯ ಮೇಲೆ 16 ಸಾಲು, ಒಂದೊಂದರಲ್ಲೂ ನಾಲ್ಕು ಬೀಜದ ಚಿತ್ರ, ಕಪ್ಪು ಬಿಳುಪು ಬಣ್ಣ ತುಂಬಿದ್ದ. ಕೆಳಗೆ: 1, 4, 6, 4, 1. "ಅಪ್ಪಾ, ಮೇಸ್ತ್ರಿಗೆ ಕೇಳಿ ಹೇಳಿ, ಇದು ತಪ್ಪಾ?"

ಸರಿಯಾಗೇ ಇತ್ತು. ಮೇಸ್ತ್ರಿ ಈಗಲೂ ವಾರಕ್ಕೆ ಎರಡು ದಿನ ಅರ್ಧ ಗಂಟೆ ಫೋನಿಗೆ ಬರುತ್ತಾನೆ. ಭಿನ್ನರಾಶಿ ಮುಗಿದು ಬೀಜಗಣಿತಕ್ಕೆ ಬಂದಿದ್ದಾರೆ. ಮಗ ಪರೀಕ್ಷೆಯಲ್ಲಿ ಮೊದಲ ಸ್ಥಾನ ಬಂದ ಅಂತ ನಾನು ಬರೆಯುವುದಿಲ್ಲ, ಬಂದಿಲ್ಲ. ಪಾಸಾದ. ಅಂಕಪಟ್ಟಿಯನ್ನು ತಾನೇ ಫೋಟೋ ತೆಗೆದು ಕಳಿಸಿದ.

ಮೂರನೇ ರಾತ್ರಿ ಕ್ಯಾಂಪಿನ ಬಾಗಿಲು ತೆರೆಸಿದ್ದು ಯಾರಿಗೂ ಬೇಡವಾಗಿದ್ದ ಗುಮಾಸ್ತ. ಬೀಜ ಎಸೆದದ್ದೂ ಆಯಿತು, ಮಾತಾಡಿ ಮಾತಾಡಿ ಕಾವಲುಗಾರನನ್ನು ಒಪ್ಪಿಸಿದ್ದೂ ಆಯಿತು. ಚೀಲ ಮುಟ್ಟಿತು, ಆಟ ಮುಗಿಯಿತು ಅಂತ ನಾನು ಹೇಳುವಷ್ಟರಲ್ಲಿ ನಮ್ಮ ಅಡುಗೆಯವರು, "ಗುಮಾಸ್ತ್ರೇ, ನನಗ ಓದಾಕ ಬರೂದಿಲ್ಲ. ನನ್ನ ಮನಿಯಿಂದ ಕಾಗದ ಬಂದದ ಏನ್ ನೋಡ್ರಿ" ಅಂದರು. ಇದು ನನ್ನ ಕಥೆಯಲ್ಲಿ ಇರಲಿಲ್ಲ. ಮಗಳು ಒಂದು ಕ್ಷಣ ಸುಮ್ಮನಿದ್ದು, ಕಾಗದ ಬಿಡಿಸಿದ ಹಾಗೆ ಸದ್ದು ಮಾಡಿ ಓದತೊಡಗಿದಳು. "ನಾವೆಲ್ಲ ಕ್ಷೇಮ. ಎಮ್ಮೆ ಕರು ಹಾಕಿದೆ. ಹೆಣ್ಣು ಕರು. ಮಳೆ ಚೆನ್ನಾಗಿದೆ. ನಿಮ್ಮ ಮಗಳಿಗೆ ಒಂದು ಹಲ್ಲು ಬಿತ್ತು. ಯಾವಾಗ ಬರ್ತೀರಿ ಅಂತ ಕೇಳಲ್ಲ. ಕೇಳಿದ್ರೆ ನಿಮಗೆ ಬೇಜಾರಾಗ್ತದೆ ಅಂತ ಅಮ್ಮ ಹೇಳಿದಾಳೆ."

ಯಾರೂ ಮಾತಾಡಲಿಲ್ಲ. ನಮ್ಮವರು ಎದ್ದು ಚಹಾ ಇಡಲಿಕ್ಕೆ ಹೋದರು. ಅವರಿಗೂ ಊರಲ್ಲಿ ಅಷ್ಟೇ ವಯಸ್ಸಿನ ಮಗಳಿದ್ದಾಳೆ. ಈಗ ಆಕೆಯೂ ನಮ್ಮ ಆಟಕ್ಕೆ ಸೇರಿದ್ದಾಳೆ, ಡೋಲು ಬಾರಿಸುವವಳ ವೇಷ, ಮಾತು 3, ಬುದ್ಧಿ 0 ಅಂತ ಅವಳೇ ಬರೆದುಕೊಂಡಿದ್ದಾಳೆ.

ನೀವೂ ಶುರು ಮಾಡುವುದಾದರೆ ಮೂರು ಮಾತು. ಒಂದು, ಹೊತ್ತು ಗೊತ್ತು ಮಾಡಿಕೊಳ್ಳಿ. ಇಲ್ಲಿ ಸಂಜೆ 5 ಗಂಟೆ ಅಂದರೆ ಊರಲ್ಲಿ ಏಳೂವರೆ, ಊಟಕ್ಕೆ ಮೊದಲು ಮುಗಿಯುತ್ತದೆ. ಎರಡು, ಮೊದಲ ಸಲ ನಾಲ್ಕಕ್ಕಿಂತ ಹೆಚ್ಚು ವೇಷ ಬೇಡ. ಮೂರು, ಆ ಚಿಂತೆಯ ಸಾಲನ್ನು ಬಿಡಬೇಡಿ, ಮತ್ತು ಅದರಲ್ಲಿ ಏನೇ ಬರೆದಿದ್ದರೂ ಆಟದ ಹೊರಗೆ ಕೆದಕಬೇಡಿ. ಏಪ್ರಿಲ್ ರಜೆಗೆ ಮಕ್ಕಳು ಬಂದಾಗ ಮೊಂಬಾಸಾ ರೈಲಿನಲ್ಲಿ ತ್ಸಾವೋ ತೋರಿಸುವ ಯೋಚನೆ ಇದೆ. ಅಷ್ಟರೊಳಗೆ ಎರಡನೇ ಕಥೆ ಆಗಬೇಕು. ಅದರ ಭಾಗವತಿಕೆ ತನಗೇ ಬೇಕು ಅಂತ ಮಗ ಹಟ ಹಿಡಿದಿದ್ದಾನೆ. ನನಗೆ ಯಾವ ವೇಷ ಕೊಡುತ್ತಾನೆ, ಅದಕ್ಕೆ ಏನೇನು ಬರುವುದಿಲ್ಲ ಅನ್ನುವುದನ್ನು ಇನ್ನೂ ಹೇಳಿಲ್ಲ.