ಲೆಕ್ಕದ ತಪ್ಪೋ, ಲೆಕ್ಕಿಗನ ತಪ್ಪೋ

ನಾಲ್ಕು ಸಮೀಕರಣ, ನಾಲ್ಕು ಅಜ್ಞಾತ. ಮೊದಲ ಸಾಲಿನ ಗುಣಕಗಳು 10, 7, 8, 7. ಎರಡನೆಯ ಸಾಲಿನವು 7, 5, 6, 5. ಮೂರನೆಯದರಲ್ಲಿ 8, 6, 10, 9. ನಾಲ್ಕನೆಯದರಲ್ಲಿ 7, 5, 9, 10. ಬಲಗಡೆ ಕ್ರಮವಾಗಿ 32, 23, 33, 31. ಇದನ್ನು ಬಿಡಿಸಲು ಕಂಪ್ಯೂಟರ್ ಬೇಡ. ನಾಲ್ಕೂ ಅಜ್ಞಾತಗಳ ಬೆಲೆ 1. ಒಂದೊಂದು ಸಾಲನ್ನೂ ಕೂಡಿಸಿ ನೋಡಿದರೆ ತಾಳೆಯಾಗುತ್ತದೆ. ಈಗ ಬಲಗಡೆಯ ಸಂಖ್ಯೆಗಳನ್ನು ಸ್ವಲ್ಪವೇ ಸ್ವಲ್ಪ ಬದಲಿಸೋಣ: 32.1, 22.9, 33.1, 30.9. ಪ್ರತಿಯೊಂದರಲ್ಲೂ ಬದಲಾದದ್ದು ಬರೀ 0.1. ಉತ್ತರವೂ 1ರ ಆಸುಪಾಸಿನಲ್ಲೇ ಇರುತ್ತದೆ ಎಂದು ಯಾರಿಗಾದರೂ ಅನ್ನಿಸೀತು. ಆದರೆ ಬರುವ ಉತ್ತರ 9.2, -12.6, 4.5, -1.1. ಇದು ಅಂದಾಜಲ್ಲ, ಕರಾರುವಾಕ್ಕಾದ ಉತ್ತರ. ಕಾಗದ ಪೆನ್ಸಿಲ್ ಹಿಡಿದು ಯಾರು ಬೇಕಾದರೂ ಪರೀಕ್ಷಿಸಬಹುದು.

ಗಣಿತಜ್ಞರ ನಡುವೆ ಇದಕ್ಕೆ ವಿಲ್ಸನ್ ಮ್ಯಾಟ್ರಿಕ್ಸ್ ಎಂಬ ಹೆಸರಿದೆ. ಸಂಖ್ಯೆಗಳು ಚಿಕ್ಕವು, ಪೂರ್ಣಾಂಕಗಳು, ನೋಡಲು ಸಾಧು. ಒಳಗೆ ಮಾತ್ರ ಬಲು ನಾಜೂಕು. ಇಂಥವನ್ನು ಇಂಗ್ಲಿಷಿನಲ್ಲಿ ಇಲ್-ಕಂಡಿಷನ್ಡ್ ಎನ್ನುತ್ತಾರೆ. ನಾಜೂಕು ಎಷ್ಟು ಎಂದು ಅಳೆಯುವ ಸಂಖ್ಯೆಗೆ ಕಂಡಿಷನ್ ನಂಬರ್ ಎಂಬ ಹೆಸರು ಕೊಟ್ಟವರು ಅಲನ್ ಟ್ಯೂರಿಂಗ್, 1948ರ ಒಂದು ಲೇಖನದಲ್ಲಿ. ಕೊಟ್ಟ ಸಂಖ್ಯೆಗಳಲ್ಲಿರುವ ಪುಟ್ಟ ದೋಷ ಉತ್ತರದಲ್ಲಿ ಹೆಚ್ಚೆಂದರೆ ಎಷ್ಟು ಪಟ್ಟು ಹಿಗ್ಗಬಹುದು ಎಂಬುದನ್ನು ಅದು ಹೇಳುತ್ತದೆ. ವಿಲ್ಸನ್ ಮ್ಯಾಟ್ರಿಕ್ಸಿಗೆ ಅದು ಸುಮಾರು 3000. ಕಂಪ್ಯೂಟರು ಸಾಮಾನ್ಯವಾಗಿ ಒಂದು ಸಂಖ್ಯೆಯನ್ನು 16 ಅಂಕಿಗಳಷ್ಟು ನಿಖರವಾಗಿ ಇಟ್ಟುಕೊಳ್ಳುತ್ತದೆ. ಕಂಡಿಷನ್ ನಂಬರ್ 10³ ಆದರೆ ಅದರಲ್ಲಿ ಮೂರು ಅಂಕಿ ಕೈಬಿಡುವ ಸಂಭವವಿದೆ. 10¹⁰ ಆದರೆ ಹತ್ತು. 10¹⁶ ಆದರೆ ಉಳಿಯುವುದು ಏನೂ ಇಲ್ಲ.

ಇಂಥ ನಾಜೂಕಿನ ಲೆಕ್ಕಗಳನ್ನು ಬೇಕೆಂದೇ ಹೆಣೆಯುವುದು ಕೆಲವರಿಗೆ ದಿನದ ಉದ್ಯೋಗ. ಪುಣೆಯ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಧಾರವಾಡದ ಹೆಣ್ಣುಮಗಳೊಬ್ಬಳು ಆ ಕೆಲಸಕ್ಕೆ ಬಿದ್ದಳು. ಕಟ್ಟಡ, ಸೇತುವೆಗಳ ತೊಲೆ ಕಂಬಗಳ ಮೇಲೆ ಭಾರ ಹೇಗೆ ಹಂಚಿಹೋಗುತ್ತದೆ ಎಂದು ಲೆಕ್ಕ ಹಾಕುವ ಸಾಫ್ಟ್‌ವೇರ್ ಅದು. ಅದರ ಹೊಟ್ಟೆಯಲ್ಲಿ ಸಮೀಕರಣ ಬಿಡಿಸುವ ಒಂದು ಭಾಗ, ಸಾಲ್ವರ್. ಅದನ್ನು ಹೊಸದಾಗಿ ಬರೆದವನು ಕೆಲಸಕ್ಕೆ ಸೇರಿ ಎರಡು ವರ್ಷವಾಗಿದ್ದ ಹುಡುಗ. ಹಳೆಯದಕ್ಕಿಂತ ಚುರುಕಾಗಿ ಓಡುತ್ತಿತ್ತು. ಸಾವಿರ ಪರೀಕ್ಷೆ ನಡೆಸಿ ಸಾವಿರದಲ್ಲೂ ಪಾಸಾಗಿತ್ತು.

ಆ ಸಾವಿರ ಪರೀಕ್ಷೆ ಯಾವ ಬಗೆಯವು ಎಂದು ಅವಳು ಮೊದಲು ತೆಗೆದು ನೋಡಿದಳು. ಮ್ಯಾಟ್ರಿಕ್ಸಿನಲ್ಲಿ ಮನಬಂದ ಸಂಖ್ಯೆ ತುಂಬಿ, ಕರ್ಣದ ಮೇಲೆ ಇನ್ನೊಂದು ದೊಡ್ಡ ಸಂಖ್ಯೆ ಕೂಡಿಸಿದ್ದರು. ಕರ್ಣ ಅಷ್ಟು ಭಾರವಾದರೆ ಎಂಥ ಸಾಲ್ವರಾದರೂ ದಾರಿ ತಪ್ಪುವುದಿಲ್ಲ. ಸಾವಿರ ಸಲ ಒಂದೇ ಸುಲಭದ ಪ್ರಶ್ನೆ ಕೇಳಿದಂತಾಗಿತ್ತು, ಅಷ್ಟೇ.

ಅವಳು ಮೊದಲು ಆರಿಸಿಕೊಂಡದ್ದು ಈ ಕ್ಷೇತ್ರದಲ್ಲಿ ಎಲ್ಲರೂ ಆರಿಸಿಕೊಳ್ಳುವ ಹಿಲ್ಬರ್ಟ್ ಮ್ಯಾಟ್ರಿಕ್ಸ್. ಜರ್ಮನಿಯ ಡೇವಿಡ್ ಹಿಲ್ಬರ್ಟ್ 1894ರಲ್ಲಿ ಬೇರೆಯದೇ ಒಂದು ಪ್ರಶ್ನೆಯ ಬೆನ್ನು ಹತ್ತಿದಾಗ ಎದುರಾದದ್ದು. ಕಟ್ಟುವುದು ಸುಲಭ: ಮೊದಲ ಸಾಲು 1, 1/2, 1/3 ಹೀಗೆ, ಎರಡನೆಯದು 1/2, 1/3, 1/4, ಮೂರನೆಯದು 1/3ರಿಂದ ಶುರು. 3 ಸಾಲಿನದಕ್ಕೆ ಕಂಡಿಷನ್ ನಂಬರ್ 524. 5 ಸಾಲಿಗೆ ನಾಲ್ಕು ಲಕ್ಷ ಎಪ್ಪತ್ತೇಳು ಸಾವಿರದ ಹತ್ತಿರ. 10 ಸಾಲಿಗೆ 10¹³ ದಾಟುತ್ತದೆ, 12 ಸಾಲಿಗೆ 10¹⁶.

ಅವಳು 14 ಸಾಲಿನದನ್ನು ಕೊಟ್ಟಳು, ಉತ್ತರ ಎಲ್ಲ ಕಡೆ 1 ಬರುವಂತೆ ಬಲಗಡೆಯನ್ನು ಹೊಂದಿಸಿ. ಬಂದ ಉತ್ತರದಲ್ಲಿ ಕೆಲವು ಕಡೆ ಮೊದಲ ಅಂಕಿಯೇ ತಪ್ಪು, ಕೆಲವು ಕಡೆ ಧನ ಹೋಗಿ ಋಣವಾಗಿತ್ತು. ವಿಚಿತ್ರವೆಂದರೆ ಆ ತಪ್ಪು ಉತ್ತರವನ್ನೇ ಸಮೀಕರಣಕ್ಕೆ ಮರಳಿ ಹಾಕಿದರೆ ಎಡ ಬಲ ಎರಡೂ ಹದಿನೈದು ಅಂಕಿಯವರೆಗೆ ಸರಿಹೊಂದುತ್ತಿದ್ದವು. ತಾಳೆ ನೋಡಿದರೆ ಸಾಕು, ಉತ್ತರ ಸರಿ ಎಂದು ಶಾಲೆಯಲ್ಲಿ ಕಲಿತದ್ದು ಇಲ್ಲಿ ನಡೆಯಲಿಲ್ಲ.

ಮರುದಿನದ ಮೀಟಿಂಗಿನಲ್ಲಿ ಮಾತು ಎರಡು ದಿಕ್ಕಿಗೆ ಹರಿಯಿತು. ಸಾಲ್ವರ್ ಕೆಟ್ಟಿದೆ, ಹಳೆಯದಕ್ಕೇ ಹೋಗೋಣ ಎಂದರು ಒಬ್ಬರು. ಇಂಥ ಮ್ಯಾಟ್ರಿಕ್ಸ್ ಯಾವ ಸೇತುವೆಯಲ್ಲೂ ಬರುವುದಿಲ್ಲ, ಪರೀಕ್ಷೆಯನ್ನೇ ಕಿತ್ತುಹಾಕಿ ಎಂದರು ಇನ್ನೊಬ್ಬರು. ಹುಡುಗ ತಲೆ ಬಗ್ಗಿಸಿ ಕುಳಿತಿದ್ದ. ಎರಡೂ ಮಾತು ಸರಿಯಲ್ಲ ಎಂದು ಅವಳಿಗೆ ಅನ್ನಿಸಿತು. ಆದರೆ ಅನ್ನಿಸಿದ್ದನ್ನು ತೋರಿಸಿಕೊಡಬೇಕಲ್ಲ. ಎರಡು ವಾರ ಸಮಯ ಕೇಳಿದಳು.

ಆ ಭಾನುವಾರ ಊರಿಗೆ ಫೋನ್ ಮಾಡಿದಾಗ ಈ ವಿಷಯ ಬಂತು. ಅವಳ ತಂದೆ ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತರಾದವರು. ಎಲ್ಲ ಕೇಳಿ, "ಅಲ್ಲ ತಂಗಿ, ಪೇಪರ್ ತಗಿಯಾಂವಗ ಎರಡು ಗೊತ್ತಿರಬೇಕು. ಉತ್ತರ ಏನು ಅಂತ ಒಂದು. ಪ್ರಶ್ನಿ ಎಷ್ಟು ಕಠಿಣ ಐತಿ ಅಂತ ಇನ್ನೊಂದು. ಇಡೀ ಕ್ಲಾಸೇ ಫೇಲಾಗೋ ಪ್ರಶ್ನಿ ಕೊಟ್ಟು ಒಬ್ಬ ಹುಡುಗನ ಕಿವಿ ಹಿಂಡಿದ್ರ ಅದು ನ್ಯಾಯ ಅಲ್ಲ" ಅಂದರು. "ಹಂಗಂತ ಅಂವಾ ಶಾಣ್ಯಾ ಅಂತನೂ ಅಲ್ಲಪಾ" ಅಂದಳು ಮಗಳು. "ಹೌದು, ಅದಕ್ಕ ಬ್ಯಾರೆ ಪ್ರಶ್ನಿ ಬೇಕು" ಅಂದರು ಮಾಸ್ತರು.

ಈ ನ್ಯಾಯದ ಪ್ರಶ್ನೆ ಹೊಸದಲ್ಲ. ಕಂಪ್ಯೂಟರುಗಳು ಬರುವ ಹೊತ್ತಿನಲ್ಲಿ, 1940ರ ದಶಕದಲ್ಲಿ, ದೊಡ್ಡ ಸಮೀಕರಣಗಳನ್ನು ಯಂತ್ರಕ್ಕೆ ಕೊಟ್ಟರೆ ಹೆಜ್ಜೆ ಹೆಜ್ಜೆಗೂ ಸೇರುವ ಸಣ್ಣ ದೋಷಗಳು ಬೆಳೆದು ಉತ್ತರವನ್ನು ನುಂಗಿಹಾಕುತ್ತವೆ ಎಂಬ ಭಯ ವ್ಯಾಪಕವಾಗಿತ್ತು. ಇಂಗ್ಲೆಂಡಿನ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿಗೆ ಆಗ 18 ಸಮೀಕರಣಗಳ ಒಂದು ಲೆಕ್ಕ ಬಂತು. ಟ್ಯೂರಿಂಗ್, ಜೇಮ್ಸ್ ವಿಲ್ಕಿನ್ಸನ್ ಮತ್ತು ಇನ್ನಿಬ್ಬರು ಸೇರಿ ಮೇಜಿನ ಮೇಲಿನ ಕ್ಯಾಲ್ಕುಲೇಟರಿನಲ್ಲೇ ಅದನ್ನು ಬಿಡಿಸಿದರು. ಇದು ಕೈಕೊಡುತ್ತದೆ ಎಂದೇ ಟ್ಯೂರಿಂಗ್ ನಂಬಿದ್ದರು. ಕೈಕೊಡಲಿಲ್ಲ. ಮ್ಯಾಟ್ರಿಕ್ಸ್ ಸ್ವಲ್ಪ ನಾಜೂಕಿನದೇ ಆಗಿದ್ದರೂ ತಾಳೆ ಹತ್ತನೆಯ ದಶಮಾಂಶದವರೆಗೆ ಬಂತು. ಮುಂದೆ ವಿಲ್ಕಿನ್ಸನ್ ಇದರ ಕಾರಣವನ್ನು ಬಿಡಿಸಿ ಹೇಳಿದರು. ಒಳ್ಳೆಯ ವಿಧಾನ ಕೊಡುವ ಉತ್ತರ, ಕೇಳಿದ ಪ್ರಶ್ನೆಗೆ ಕರಾರುವಾಕ್ಕಾಗಿ ಹೊಂದದೇ ಇರಬಹುದು. ಆದರೆ ಅದಕ್ಕೆ ಅತ್ಯಂತ ಸಮೀಪದ ಇನ್ನೊಂದು ಪ್ರಶ್ನೆಗೆ ಕರಾರುವಾಕ್ಕಾಗಿ ಹೊಂದುತ್ತದೆ. ಅಷ್ಟು ಮಾಡಿದರೆ ವಿಧಾನ ತನ್ನ ಕರ್ತವ್ಯ ಮುಗಿಸಿದಂತೆ. ಸಮೀಪದ ಎರಡು ಪ್ರಶ್ನೆಗಳ ಉತ್ತರಗಳು ದೂರ ದೂರ ಇದ್ದರೆ ಅದು ಪ್ರಶ್ನೆಯ ಗುಣ. 1970ರಲ್ಲಿ ಅವರಿಗೆ ಟ್ಯೂರಿಂಗ್ ಪ್ರಶಸ್ತಿ ಬಂತು.

ಅವಳ ಎರಡು ವಾರದ ಕೆಲಸ ಈ ವಿಂಗಡಣೆಯೇ. ಮೊದಲು ತನ್ನ ಪ್ರಶ್ನೆಪತ್ರಿಕೆಯನ್ನು ತಿದ್ದಿದಳು. ಕಂಪ್ಯೂಟರು ಎರಡರ ಘಾತಗಳಲ್ಲಿ ಎಣಿಸುವುದರಿಂದ 1/3 ಅದರಲ್ಲಿ ಪೂರ್ತಿ ಕೂರುವುದಿಲ್ಲ. ಅಂದರೆ ಹಿಲ್ಬರ್ಟ್ ಮ್ಯಾಟ್ರಿಕ್ಸನ್ನು ಟೈಪ್ ಮಾಡಿದ ಕ್ಷಣದಲ್ಲೇ ಅದು ಬೇರೊಂದು ಮ್ಯಾಟ್ರಿಕ್ಸ್ ಆಗಿರುತ್ತದೆ. ಸಾಲ್ವರ್ ಕೆಲಸ ಶುರು ಮಾಡುವ ಮೊದಲೇ ತಪ್ಪು ನುಸುಳಿರುತ್ತದೆ. ಪರಿಹಾರ ಸರಳ. 1ರಿಂದ 27ರವರೆಗಿನ ಸಂಖ್ಯೆಗಳ ಲ.ಸಾ.ಅ. 80313433200. ಅದರಿಂದ ಎಲ್ಲವನ್ನೂ ಗುಣಿಸಿದರೆ 14 ಸಾಲಿನದರಲ್ಲಿ ಬರೀ ಪೂರ್ಣಾಂಕಗಳು ಉಳಿಯುತ್ತವೆ, ಯಂತ್ರದಲ್ಲಿ ಒಂದು ಅಂಕಿಯೂ ಜಾರದೆ ಕೂರುತ್ತವೆ. ಕಂಡಿಷನ್ ನಂಬರ್ ಮಾತ್ರ ಇದ್ದಷ್ಟೇ ಇರುತ್ತದೆ.

ಇನ್ನೊಂದು ಪ್ರಶ್ನೆಗೆ ಪಾಸ್ಕಲ್ ಮ್ಯಾಟ್ರಿಕ್ಸ್ ತಂದಳು. ಪಾಸ್ಕಲನ ತ್ರಿಕೋನದ ಸಂಖ್ಯೆಗಳನ್ನು ಚೌಕದಲ್ಲಿ ಜೋಡಿಸಿದ್ದು: 1, 1, 1, 1, 1, 2, 3, 4, 1, 3, 6, 10, 1, 4, 10, 20. ಹೆಸರು ಪಾಸ್ಕಲನದಾದರೂ ಇದೇ ತ್ರಿಕೋನವನ್ನು ಹಲಾಯುಧ 10ನೇ ಶತಮಾನದಲ್ಲಿ ಪಿಂಗಳನ ಛಂದಸ್ಸಿಗೆ ವ್ಯಾಖ್ಯಾನ ಬರೆಯುವಾಗ ಮೇರುಪ್ರಸ್ತಾರ ಎಂದು ವಿವರಿಸಿದ್ದ. 10 ಸಾಲಿನದರಲ್ಲಿ ಕೊನೆಯ ಮೂಲೆಯ ಸಂಖ್ಯೆ 48620, ನಿರ್ಧಾರಕ 1. ಆ 48620ನ್ನು 48619 ಮಾಡಿದರೆ ಸಾಕು, ನಿರ್ಧಾರಕ ಸೊನ್ನೆಯಾಗಿ ಸಮೀಕರಣಕ್ಕೆ ಒಂದೇ ಉತ್ತರ ಎಂಬುದೇ ಇರುವುದಿಲ್ಲ.

ಇವೆರಡರಲ್ಲೂ ಒಂದು ಕೊರತೆಯಿತ್ತು. ನಾಜೂಕುತನ ಎಷ್ಟು ಬೇಕೋ ಅಷ್ಟೇ ಹಾಕಲು ಬರುವುದಿಲ್ಲ. ಹಿಲ್ಬರ್ಟಿನಲ್ಲಿ ಒಂದು ಸಾಲು ಹೆಚ್ಚಿಸಿದರೆ ಅದು ಮೂವತ್ತು ಪಟ್ಟಿನ ಆಸುಪಾಸು ನೆಗೆಯುತ್ತದೆ. ಆದ್ದರಿಂದ ಮೂರನೆಯ ದಾರಿ ಹಿಡಿದಳು. ಉದ್ದವನ್ನು ಬದಲಿಸದೆ ಬರೀ ದಿಕ್ಕನ್ನು ತಿರುಗಿಸುವ ಮ್ಯಾಟ್ರಿಕ್ಸುಗಳಿವೆ. ಅಂಥ ಎರಡನ್ನು ಮನಬಂದಂತೆ ಆರಿಸಿ, ನಡುವೆ ಕರ್ಣದ ಮೇಲಷ್ಟೇ ಸಂಖ್ಯೆಯಿರುವ ಇನ್ನೊಂದನ್ನು ಇಟ್ಟು ಮೂರನ್ನೂ ಗುಣಿಸುವುದು. ಕರ್ಣದ ಸಂಖ್ಯೆಗಳು 1ರಿಂದ 10⁻⁸ರವರೆಗೆ ಇಳಿದರೆ ಕಂಡಿಷನ್ ನಂಬರ್ 10⁸. ಒಗ್ಗರಣೆಗೆ ಖಾರ ಹಾಕಿದ ಹಾಗೆ, ಎಷ್ಟು ಬೇಕೋ ಅಷ್ಟು. ಎಡ ಬಲ ಎರಡೂ ಕಡೆ ಒಂದೇ ತಿರುಗಣೆ ಬಳಸಿದರೆ ಸೇತುವೆಗಳ ಲೆಕ್ಕದಲ್ಲಿ ಬರುವ ಸಮಮಿತ ಜಾತಿಯ ಮ್ಯಾಟ್ರಿಕ್ಸ್ ಸಿಗುತ್ತದೆ. ಬೇರೆ ಬೇರೆ ಬಳಸಿದರೆ ಯಾವ ಜಾತಿಗೂ ಸೇರದ್ದು. ಲಾಪ್ಯಾಕ್ ಎಂಬ ಹೆಸರಾಂತ ಲೈಬ್ರರಿಯನ್ನು ಪರೀಕ್ಷಿಸುವವರೂ ಇದೇ ಉಪಾಯ ಬಳಸುತ್ತಾರೆ.

10²ರಿಂದ 10¹⁴ರವರೆಗೆ ಮೆಟ್ಟಿಲು ಮೆಟ್ಟಿಲಾಗಿ ಇಂಥವನ್ನು ಮಾಡಿ, ಪ್ರತಿ ಉತ್ತರದಲ್ಲಿ ಎಷ್ಟು ಅಂಕಿ ಸರಿ ಬಂತು ಎಂದು ಗ್ರಾಫ್ ಹಾಕಿದಳು. ನಾಜೂಕು ಹತ್ತು ಪಟ್ಟು ಹೆಚ್ಚಿದಾಗ ಒಂದು ಅಂಕಿ ಹೋಗುವುದು ಸಹಜ. ಬಿಂದುಗಳು ಆ ಇಳಿಜಾರಿನ ಗೆರೆಯ ಮೇಲಿದ್ದರೆ ಸಾಲ್ವರಿನ ತಪ್ಪಿಲ್ಲ. ಗೆರೆಗಿಂತ ಕೆಳಗೆ ಬಿದ್ದರೆ ಅದು ಸಾಲ್ವರೇ ಕಳೆದದ್ದು.

ಸಮಮಿತ ಜಾತಿಯಲ್ಲಿ ಬಿಂದುಗಳು ಗೆರೆ ಬಿಟ್ಟು ಕದಲಲಿಲ್ಲ. ಹಿಲ್ಬರ್ಟ್ ಕೂಡ ಇದೇ ಜಾತಿಯದು. ಪೂರ್ಣಾಂಕ ಮಾಡಿ ಕೊಟ್ಟಾಗ ಲಾಪ್ಯಾಕ್ ಸಹ ಹುಡುಗನ ಸಾಲ್ವರಿನಷ್ಟೇ ಎಡವಿತು. ಅಂದರೆ ಮೀಟಿಂಗಿನಲ್ಲಿ ಅವನ ಮೇಲೆ ಹೊರಿಸಿದ್ದ ತಪ್ಪು ಅವನದಲ್ಲ. ಆದರೆ ಇನ್ನೊಂದು ಜಾತಿಯಲ್ಲಿ ಬಿಂದುಗಳು ಗೆರೆಯಿಂದ ಒಂದೆರಡು ಅಂಕಿ ಕೆಳಗಿದ್ದವು, ಕೆಲವು ಇನ್ನೂ ಕೆಳಗೆ.

ಕಾರಣ ಹಿಡಿಯಲು ಅವಳಿಗೆ ಬೇಕಾದದ್ದು ಎರಡೇ ಸಮೀಕರಣ. ಎಕ್ಸ್‌ನ 10⁻²⁰ ಭಾಗಕ್ಕೆ ವೈ ಕೂಡಿಸಿದರೆ 1. ಎಕ್ಸ್‌ಗೆ ವೈ ಕೂಡಿಸಿದರೆ 2. ಎರಡರ ಬೆಲೆಯೂ ಹೆಚ್ಚುಕಡಿಮೆ 1. ಕಂಡಿಷನ್ ನಂಬರ್ 3ಕ್ಕಿಂತ ಕಡಿಮೆ, ನಾಜೂಕು ಎಂಬುದೇ ಇಲ್ಲ. ಹುಡುಗನ ಸಾಲ್ವರ್ ಎಕ್ಸ್ 0, ವೈ 1 ಎಂದಿತು. ವೇಗಕ್ಕಾಗಿ ಅವನು ಸಾಲುಗಳನ್ನು ಅದಲುಬದಲು ಮಾಡುವ ಹೆಜ್ಜೆಯನ್ನು ಬಿಟ್ಟಿದ್ದ. ಮೊದಲ ಸಾಲನ್ನು 10²⁰ರಿಂದ ಗುಣಿಸಿ ಎರಡನೆಯದರಿಂದ ಕಳೆಯುವಾಗ ಆ ದೈತ್ಯ ಸಂಖ್ಯೆಯ ಪಕ್ಕದಲ್ಲಿ ಎರಡನೆಯ ಸಾಲಿನ 1, 2 ಎಲ್ಲ ಅಳಿಸಿಹೋಗಿದ್ದವು. ಎರಡು ಸಾಲನ್ನು ಮೇಲೆ ಕೆಳಗೆ ಮಾಡಿದ್ದರೆ ಉತ್ತರ ಸರಿಯಾಗಿಯೇ ಬರುತ್ತಿತ್ತು.

ಇದನ್ನು ಅವಳು ಮೀಟಿಂಗಿಗೆ ಒಯ್ಯುವ ಮೊದಲು ಹುಡುಗನನ್ನು ಕರೆದು ತೋರಿಸಿದಳು. ಗ್ರಾಫಿನ ಮೊದಲ ಅರ್ಧ ನೋಡಿ ಅವನ ಮುಖ ಸಡಿಲವಾಯಿತು. ಎರಡನೆಯ ಅರ್ಧಕ್ಕೆ ಸುಮ್ಮನಾದ. ಆಮೇಲೆ, "ಮ್ಯಾಡಮ್, ಸೇತುವೆ ಲೆಕ್ಕದಲ್ಲಿ ಆ ಹೆಜ್ಜೆ ಬೇಕಾಗುವುದಿಲ್ಲವಲ್ಲ" ಎಂದ. ಅದೂ ನಿಜವೇ. ಆದರೆ ಇಂತಿಂಥ ಎರಡು ಬಿಂದುಗಳು ಒಟ್ಟಿಗೇ ಚಲಿಸಬೇಕು ಎಂಬಂಥ ನಿರ್ಬಂಧವನ್ನು ಬಳಕೆದಾರ ಸೇರಿಸಿದರೆ ಕರ್ಣದ ಮೇಲೆ ಸೊನ್ನೆ ಬಂದು ಕೂರಬಹುದು. ಆಗ ಮ್ಯಾಟ್ರಿಕ್ಸಿನ ಜಾತಿ ಬದಲಾಗುತ್ತದೆ. ಸಾಫ್ಟ್‌ವೇರಿನ ಮೆನುವಿನಲ್ಲಿ ಆ ಸೌಲಭ್ಯ ಇತ್ತು. ಅವನು ಸಂಜೆಯವರೆಗೆ ಕೂತು ಸಾಲು ಬದಲಿಸುವ ಹೆಜ್ಜೆಯನ್ನು ಬರೆದ. ಸಮಮಿತ ಜಾತಿಗೆ ಹಳೆಯ ವೇಗದ ದಾರಿಯನ್ನೇ ಉಳಿಸಿಕೊಂಡ.

ಪರೀಕ್ಷೆಗಳ ಪಟ್ಟಿಯಿಂದ ಹಿಲ್ಬರ್ಟನ್ನು ಯಾರೂ ಕಿತ್ತುಹಾಕಲಿಲ್ಲ. ಅದರಲ್ಲಿ ಪಾಸಾಗಲು ಬೇಕಾದದ್ದು ಮಾತ್ರ ಬದಲಾಯಿತು. 14 ಸಾಲಿನದಕ್ಕೆ ಸಾಲ್ವರ್ ಸರಿಯುತ್ತರ ಕೊಡಬೇಕು ಎಂದು ಈಗ ಕೇಳುವುದಿಲ್ಲ. ಉತ್ತರದ ಜೊತೆಗೆ ಕಂಡಿಷನ್ ನಂಬರಿನ ಅಂದಾಜನ್ನೂ ಕೊಟ್ಟು, ಇದರಲ್ಲಿ ಯಾವ ಅಂಕಿಯನ್ನೂ ನಂಬಬೇಡಿ ಎಂದು ತಾನೇ ಹೇಳಬೇಕು. ಹೇಳಿದರೆ ಪಾಸು.