ಲ್ಹೋನಾಕ್‌ನ ಕಪ್ಪು ಮಚ್ಚೆ

ಪರದೆಯ ಮೇಲೆ ಬೂದುಬಣ್ಣದ ಒರಟು ಗುಡ್ಡಗಳು, ನಡುವೆ ಒಂದು ಕಪ್ಪು ಮಚ್ಚೆ. ನೀವು ನೋಡುತ್ತಿರುವುದು ಫೋಟೋ ಅಲ್ಲ, ರಾಡಾರ್ ಚಿತ್ರ. ಮಳೆಗಾಲದ ಸಿಕ್ಕಿಂ ಮೇಲೆ ಮಾಮೂಲಿ ಕ್ಯಾಮೆರಾ ತಿರುಗಿಸಿದರೆ ಮೋಡ ಬಿಟ್ಟು ಬೇರೇನೂ ಸಿಗದು. ರಾಡಾರ್ ಅಲೆಗೆ ಮೋಡದ ಹಂಗಿಲ್ಲ, ಕತ್ತಲೆಯ ಹಂಗೂ ಇಲ್ಲ. ಬಂಡೆಗೆ ಬಡಿದ ಅಲೆ ಒಂದಿಷ್ಟಾದರೂ ಉಪಗ್ರಹದತ್ತ ಮರಳುತ್ತದೆ. ನಯವಾದ ನೀರಿನ ಮೇಲೆ ಬಿದ್ದದ್ದು ಅತ್ತಲೇ ಜಾರಿಹೋಗುತ್ತದೆ. ಏನೂ ಮರಳದ ಆ ಕಪ್ಪೇ ದಕ್ಷಿಣ ಲ್ಹೋನಾಕ್ ಸರೋವರ. 5,200 ಮೀಟರ್ ಎತ್ತರದಲ್ಲಿ, ಕರಗುತ್ತ ಹಿಂದೆ ಸರಿಯುತ್ತಿರುವ ಹಿಮನದಿಯ ಮುಂದೆ ನಿಂತ ನೀರು. ಅದನ್ನು ತಡೆದಿರುವುದು ಹಿಮನದಿಯೇ ಹಿಂದೊಮ್ಮೆ ತಳ್ಳಿ ಗುಡ್ಡೆಹಾಕಿದ ಕಲ್ಲುಮಣ್ಣು.

ಮಚ್ಚೆಯ ಅಂಚು ಗುರುತಿಸಿ ಅಳೆಯಿರಿ. 2023ರ ಸೆಪ್ಟೆಂಬರ್ 17ಕ್ಕೆ 162.7 ಹೆಕ್ಟೇರ್. ಸೆಪ್ಟೆಂಬರ್ 28ಕ್ಕೆ 167.4. ಹನ್ನೊಂದು ದಿನದಲ್ಲಿ ಹನ್ನೊಂದೂವರೆ ಎಕರೆ ಹಿಗ್ಗಿದೆ. ಹಿಂದಕ್ಕೆ ಹೋಗಿ: 2008ರಲ್ಲಿ ಇದು ನೂರು ಹೆಕ್ಟೇರನ್ನೂ ಮುಟ್ಟಿರಲಿಲ್ಲ. 1962ರ ಬೇಹು ಉಪಗ್ರಹದ ಚಿತ್ರದಲ್ಲಿ ಒಂದು ಚಿಕ್ಕ ಹೊಂಡ, ಅಷ್ಟೆ. ಇದು ಒಡೆಯುವ ಸಂಭವ ಶೇ. 42ರಷ್ಟಿದೆ ಎಂದು ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರದ ವಿಜ್ಞಾನಿಗಳು 2013ರಲ್ಲೇ ಲೆಕ್ಕ ಕೊಟ್ಟಿದ್ದರು. 2016ರಲ್ಲಿ ಲಡಾಖಿನ ಎಂಜಿನಿಯರ್ ಸೋನಮ್ ವಾಂಗ್‌ಚುಕ್ ಅವರ ತಂಡ ಮೇಲೆ ಹತ್ತಿ ಪೈಪ್ ಹಾಕಿ ನೀರು ಇಳಿಸಲು ನೋಡಿತ್ತು. ಮೂರು ಪೈಪ್. ಸರೋವರದ ಹಸಿವಿಗೆ ಅದು ಎಲ್ಲಿ ಸಾಕು?

ಈಗ ಅಕ್ಟೋಬರ್ 3ರ ರಾತ್ರಿ, ಹತ್ತು ಗಂಟೆ ದಾಟಿದೆ. ಸರೋವರದ ಪಕ್ಕದಲ್ಲಿ ಯಾರೂ ಇಲ್ಲ. ಕಳೆದ ತಿಂಗಳಷ್ಟೇ ಕೂರಿಸಿ ಹೋದ ಕ್ಯಾಮೆರಾ ಮತ್ತು ಹವಾಮಾನ ಯಂತ್ರಗಳಿವೆ. ಕೆಳಗಿನ ಊರುಗಳಲ್ಲಿ ಸೈರನ್ ಕೂಗಿಸುವ ವ್ಯವಸ್ಥೆ ಇನ್ನೂ ಬರಬೇಕು. ಉತ್ತರ ದಂಡೆಯ ಹೆಪ್ಪುಗಟ್ಟಿದ ಇಳಿಜಾರು ಸಡಿಲಗೊಳ್ಳುತ್ತದೆ. ಸುಮಾರು 1.47 ಕೋಟಿ ಘನ ಮೀಟರ್ ಕಲ್ಲು, ಮಣ್ಣು, ಮಂಜು ಒಮ್ಮೆಲೇ ನೀರಿಗೆ ಬೀಳುತ್ತದೆ. ಇಪ್ಪತ್ತು ಮೀಟರ್ ಎತ್ತರದ ಅಲೆ ಎದ್ದು ಎದುರು ತುದಿಗೆ ಓಡಿ, ಕಲ್ಲುಮಣ್ಣಿನ ದಂಡೆಯನ್ನು ಕೊರೆದು ಕೆಳಗೆ ಹಾರುತ್ತದೆ. ಈ ಕ್ಷಣ ಯಾವ ಉಪಗ್ರಹವೂ ಇದನ್ನು ಹಿಡಿದುಕೊಡಲಿಲ್ಲ. ಅದು ಉಪಗ್ರಹದ ತಪ್ಪಲ್ಲ. ಕಾವಲುಗಾರನಂತೆ ಒಂದೇ ಕಡೆ ನಿಲ್ಲುವುದು ಅದರ ಕೆಲಸವೇ ಅಲ್ಲ.

ಸುಮಾರು ಎಪ್ಪತ್ತು ಕಿಲೋಮೀಟರ್ ಕೆಳಗೆ ಚುಂಗ್‌ಥಾಂಗ್. ಲಾಚೆನ್, ಲಾಚುಂಗ್ ಹೊಳೆಗಳು ಕೂಡಿ ತೀಸ್ತಾ ಆಗುವ ಊರು. ಅಲ್ಲೇ 60 ಮೀಟರ್ ಎತ್ತರದ ಅಣೆಕಟ್ಟು, 1,200 ಮೆಗಾವಾಟ್‌ನ ತೀಸ್ತಾ-3 ಯೋಜನೆ. ಊರು ಮಲಗಿದೆ. ನೀರು ಇಲ್ಲಿಗೆ ಬರಲು ಎರಡು ಗಂಟೆಗೂ ಹೆಚ್ಚು ಬೇಕು. ಎರಡು ಗಂಟೆಯಲ್ಲಿ ಒಂದು ಊರನ್ನು ಎಬ್ಬಿಸಿ ಗುಡ್ಡ ಹತ್ತಿಸಬಹುದು, ಅಣೆಕಟ್ಟಿನ ಗೇಟು ತೆರೆಯಬಹುದು. ಸುದ್ದಿ ಸಿಬ್ಬಂದಿಗೆ ಮುಟ್ಟಿದಾಗ ಉಳಿದದ್ದು ಕೆಲವೇ ನಿಮಿಷ. ಮಧ್ಯರಾತ್ರಿ ಕಳೆದು ಕೆಸರು, ಬಂಡೆ, ಮರಗಳ ಗೋಡೆಯೊಂದು ಬಂದು ಬಡಿಯುತ್ತದೆ, ಅಣೆಕಟ್ಟು ನಿಲ್ಲುವುದಿಲ್ಲ. ಅಲ್ಲಿಂದ ಮುಂದೆ ತೀಸ್ತಾ ಸಿಂಗ್ತಾಮ್‌ನ ಸೇತುವೆ, ಸೇನೆಯ ವಾಹನಗಳು, ಮನೆಗಳನ್ನು ಬಾಚಿಕೊಂಡು ಬಾಂಗ್ಲಾದೇಶದವರೆಗೆ ಹರಿಯಿತು. 55 ಮಂದಿ ಸತ್ತರು, 74 ಮಂದಿ ಸಿಗಲೇ ಇಲ್ಲ.

ಅಕ್ಟೋಬರ್ 4ರ ಬೆಳಗಿನ ಚಿತ್ರ ಪರದೆಗೆ ಬರುತ್ತದೆ. ಮಚ್ಚೆ ಕುಗ್ಗಿದೆ: 60.3 ಹೆಕ್ಟೇರ್.

ಆ ಇಳಿಜಾರು ಮೊದಲೇ ಸರಿಯುತ್ತಿತ್ತೇ? ದುರಂತದ ಬಳಿಕ ಹಳೆಯ ಚಿತ್ರಗಳನ್ನು ಒಂದರ ಮೇಲೊಂದು ಇಟ್ಟು ನೋಡಿದ ವಿಜ್ಞಾನಿಗಳಿಗೆ ಉತ್ತರ ಸಿಕ್ಕಿತು: ಕೆಲವೆಡೆ ವರ್ಷಕ್ಕೆ ಹದಿನೈದು ಮೀಟರ್‌ವರೆಗೂ. ಚಿತ್ರಗಳು ಸಂಗ್ರಹದಲ್ಲೇ ಇದ್ದವು. ಉಪಗ್ರಹ ನಮಗೆ ಕೊಟ್ಟದ್ದು ನಿಮಿಷಗಳನ್ನಲ್ಲ, ವರ್ಷಗಳನ್ನು. ಅಷ್ಟು ವರ್ಷ ಸಿಕ್ಕಿಯೂ ಒಂದು ಸೈರನ್ ಕೂರಿಸಲಾಗದಿದ್ದುದಕ್ಕೆ ತಂತ್ರಜ್ಞಾನವನ್ನು ದೂರುವುದು ನ್ಯಾಯವಲ್ಲ.

2024ರ ಏಪ್ರಿಲ್‌ನಲ್ಲಿ ಇಸ್ರೋ ಹಿಮಾಲಯದ ಲೆಕ್ಕ ಮುಂದಿಟ್ಟಿತು. ಹತ್ತು ಹೆಕ್ಟೇರ್ ಮೀರಿದ 2,431 ಸರೋವರಗಳಲ್ಲಿ 676 ಸರೋವರಗಳು 1984ರಿಂದೀಚೆಗೆ ಗಮನಾರ್ಹವಾಗಿ ಹಿಗ್ಗಿವೆ. ಅವುಗಳಲ್ಲಿ 130 ನಮ್ಮ ದೇಶದೊಳಗೇ ಇವೆ. ಮೂರು ತಿಂಗಳ ನಂತರ ಕೇಂದ್ರ ಸರ್ಕಾರ ಇಂಥ ಸರೋವರಗಳ ಅಪಾಯ ತಗ್ಗಿಸಲು ನಾಲ್ಕು ಹಿಮಾಲಯ ರಾಜ್ಯಗಳಿಗೆ ಸೇರಿ 150 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಮತ್ತೆ 2025ರ ಜನವರಿಯಲ್ಲಿ, ಕೊಚ್ಚಿಹೋದ ತೀಸ್ತಾ-3 ಅಣೆಕಟ್ಟಿನ ಜಾಗದಲ್ಲೇ 118.64 ಮೀಟರ್ ಎತ್ತರದ ಕಾಂಕ್ರೀಟ್ ಅಣೆಕಟ್ಟು ಕಟ್ಟಬಹುದೆಂದು ಕೇಂದ್ರ ಪರಿಸರ ಸಚಿವಾಲಯದ ತಜ್ಞರ ಸಮಿತಿ ಶಿಫಾರಸು ಮಾಡಿತು.